ಮನೆ ಕೊಂಡು ನೋಡು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ಹಿರಿಯರು. ಯಾರೋ ಕಟ್ಟಿದ ಮನೆಯನ್ನು ಕೊಳ್ಳಹೊರಟವನ ಪಾಡನ್ನು ಮಾತ್ರ ಅವರು ಹೇಳದೆ ಬಿಟ್ಟರು. ಅವರ ಕಾಲದಲ್ಲಿ ಮನೆಯೆಂಬುದು ಬಹುಮಟ್ಟಿಗೆ ತಂದೆಯಿಂದ ಮಕ್ಕಳಿಗೆ ಬರುವ ಆಸ್ತಿಯಾಗಿತ್ತೇ ಹೊರತು ಪೇಟೆಯಲ್ಲಿ ಕೈ ಬದಲಾಯಿಸುವ ಸರಕಾಗಿರಲಿಲ್ಲ. ಇಂದು ಹಾಗಲ್ಲ. ಮೈಸೂರಿನ ಚಾಮರಾಜಪುರಂ, ಲಕ್ಷ್ಮೀಪುರಂಗಳಲ್ಲಿ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹಳೆಯ ಮನೆಗಳ ಗೇಟಿಗೆ “ಮಾರಾಟಕ್ಕಿದೆ” ಎಂಬ ಹಲಗೆ ತೂಗುಬಿದ್ದಿರುವುದು ಅಪರೂಪದ ನೋಟವೇನಲ್ಲ. ಮಕ್ಕಳು ದೂರದೇಶಗಳಲ್ಲಿ ನೆಲೆಸಿರುತ್ತಾರೆ; ವೃದ್ಧ ದಂಪತಿಗಳಿಗೆ ಎಂಟು ಕೋಣೆಗಳ ಕಸ ಗುಡಿಸುವುದೂ ಕಷ್ಟವಾಗಿರುತ್ತದೆ; ಮನೆ ಮಾರಾಟಕ್ಕೆ ಬರುತ್ತದೆ.

ಕೊಳ್ಳುವವರು ಸಾಮಾನ್ಯವಾಗಿ ಮಧ್ಯಮ ವರ್ಗದ ಗೃಹಸ್ಥರು. ಇಪ್ಪತ್ತು ವರ್ಷದ ಉಳಿತಾಯ, ಜೊತೆಗೆ ಬ್ಯಾಂಕಿನ ಸಾಲ, ಸಾಲದುದಕ್ಕೆ ಮನೆಯಾಕೆಯ ಒಂದೆರಡು ಒಡವೆ—ಇಷ್ಟೂ ಒಂದೇ ಕಡೆ ಸುರಿಯಬೇಕು. ಜಗಲಿ, ಕಂಬ, ಕನ್ನಡಿಯಂತೆ ಹೊಳೆಯುವ ಕೆಂಪು ನೆಲ, ಹಿತ್ತಲಿನ ಪಾರಿಜಾತ ಇವನ್ನು ಕಂಡು ಮನಸ್ಸು ಮೊದಲೇ ಸೋತಿರುತ್ತದೆ. ಮಾತು ಮುಗಿದು ಬೆಲೆ ಗೊತ್ತಾದ ಮೇಲೆ, ವಿವೇಕಿಯಾದ ಯಾರೋ ಬಂಧುವಿನ ಸಲಹೆಯಂತೆ ಒಬ್ಬ ಇಂಜಿನಿಯರರನ್ನು ಕರೆತಂದು ಮನೆಯನ್ನು ಪರೀಕ್ಷಿಸಿದರೆ, ಹತ್ತು ಹನ್ನೆರಡು ಪುಟಗಳ ವರದಿಯೊಂದು ಕೈಗೆ ಬರುತ್ತದೆ. ತೊಲೆಗೆ ಗೆದ್ದಲು, ಗೋಡೆಗೆ ತೇವ, ತಾರಸಿಯಲ್ಲಿ ಬಿರುಕು, ವಿದ್ಯುತ್ ತಂತಿ ಅಪಾಯಕರ. ಓದಿದವರ ಎದೆ ಧಸಕ್ಕೆನ್ನುತ್ತದೆ.

ಆಗ ಜನ ಮಾಡುವ ತಪ್ಪುಗಳು ಎರಡು. ಕೆಲವರು ಹೆದರಿ ಓಡಿಹೋಗುತ್ತಾರೆ. ಕೆಲವರು ವರದಿಯನ್ನು ಕತ್ತಿಯಂತೆ ಹಿರಿದುಕೊಂಡು ಮಾರುವವರ ಮೇಲೆ ಬೀಳುತ್ತಾರೆ. ಮೊದಲನೆಯವರು ಒಳ್ಳೆಯ ಮನೆಯನ್ನು ಕಳೆದುಕೊಳ್ಳುತ್ತಾರೆ. ಎರಡನೆಯವರು ಮನೆಯನ್ನೂ ಮರ್ಯಾದೆಯನ್ನೂ ಕಳೆದುಕೊಳ್ಳುತ್ತಾರೆ. ಈ ಎರಡರ ನಡುವೆ ಮೂರನೆಯ ದಾರಿಯೊಂದುಂಟು.

ಸರಪಣಿ ಎಳೆಯದ ಸರ್ವೆ

ಸರ್ವೆ ಎಂದೊಡನೆ ನಮ್ಮವರಿಗೆ ನೆನಪಾಗುವುದು ಸರಪಣಿ ಎಳೆದು ನೆಲ ಅಳೆಯುವ ಇಲಾಖೆಯವರು. ಇಂಗ್ಲೆಂಡಿನಲ್ಲಿ ಆ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಅಲ್ಲಿ ಸರ್ವೇಯರುಗಳ ಸಂಸ್ಥೆ ಹುಟ್ಟಿದ್ದು 1868ರಲ್ಲಿ. ಮನೆ ಕೊಳ್ಳುವವರು ಸರ್ವೇಯರರಿಂದ ಮನೆಯ ಆರೋಗ್ಯಪರೀಕ್ಷೆ ಮಾಡಿಸುವುದು ಆ ದೇಶದಲ್ಲಿ ರೂಢಿ. ಮೊದಲು ಒಪ್ಪಿದ ಬೆಲೆ “ಕರಾರಿಗೆ ಒಳಪಟ್ಟದ್ದು” ಮಾತ್ರ. ಕರಾರುಪತ್ರಗಳು ಪರಸ್ಪರ ವಿನಿಮಯವಾಗುವವರೆಗೆ ಇಬ್ಬರಲ್ಲಿ ಯಾರೂ ಕಟ್ಟುಬಿದ್ದಿರುವುದಿಲ್ಲ. ವರದಿ ಕೆಟ್ಟದ್ದಾಗಿ ಬಂದರೆ ಬೆಲೆಯ ಮಾತು ಮತ್ತೆ ಮೊದಲಾಗುತ್ತದೆ. ಸ್ಕಾಟ್ಲೆಂಡಿನಲ್ಲಂತೂ 2008ರ ಡಿಸೆಂಬರಿನಿಂದ, ಮಾರಾಟಕ್ಕಿಟ್ಟ ಬಹುಪಾಲು ಮನೆಗಳಿಗೆ ಮಾರುವವರೇ ಇಂಥ ವರದಿಯನ್ನು ಮಾಡಿಸಿ ಮುಂದಿಡಬೇಕೆಂಬ ಕಟ್ಟಳೆಯಿದೆ.

ನಮ್ಮಲ್ಲಿ ಅಂಥ ಕಟ್ಟಳೆಯಿಲ್ಲ. ಬ್ಯಾಂಕಿನವರು ಕಳುಹಿಸುವ ಮೌಲ್ಯಮಾಪಕರು ಬಂದುಹೋದರೆ ಪರೀಕ್ಷೆ ಮುಗಿಯಿತೆಂದು ಹಲವರು ನಂಬುವುದುಂಟು. ಅದು ಭ್ರಮೆ. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಸಾಲಕ್ಕೆ ಆಧಾರ ಸಾಲುವುದೇ ಎಂಬುದನ್ನು. ಮಳೆಗಾಲದಲ್ಲಿ ಮಗುವಿನ ತೊಟ್ಟಿಲ ಮೇಲೆ ಹನಿ ಬೀಳುವುದೇ ಎಂಬುದನ್ನಲ್ಲ. ತನ್ನ ಪರವಾಗಿ ನೋಡುವ ಕಣ್ಣನ್ನು ಕೊಳ್ಳುವವನೇ ತರಬೇಕು. ಆ ಇಂಜಿನಿಯರರು ದಲ್ಲಾಳಿಯ ಪರಿಚಯದವರಾಗಿರಬಾರದು. ಮುಂದೆ ಆ ಮನೆಯ ದುರಸ್ತಿಯ ಗುತ್ತಿಗೆಯನ್ನು ತಾವೇ ಹಿಡಿಯುವವರೂ ಆಗಿರಬಾರದು. ಮೊದಲನೆಯವರು ದೋಷವನ್ನು ಕಡಿಮೆ ಮಾಡಿ ಹೇಳಿಯಾರು. ಎರಡನೆಯವರು ಹೆಚ್ಚು ಮಾಡಿ ಹೇಳಿಯಾರು.

ಗೋಡೆಗಳು ಹೇಳುವ ಕಥೆ

ಹಳೆಯ ಮನೆಯ ದೋಷಗಳನ್ನು ತೂಗಬೇಕಾದರೆ ಅದನ್ನು ಕಟ್ಟಿದ ಬಗೆ ತಿಳಿದಿರಬೇಕು. 1898ರ ಪ್ಲೇಗು ಮಾರಿಯ ನಂತರ ನಮ್ಮ ನಗರಗಳಲ್ಲಿ ಗಾಳಿ ಬೆಳಕುಗಳುಳ್ಳ ಹೊಸ ಬಡಾವಣೆಗಳು ಬೆಳೆದುವು. ಮೈಸೂರಿನಲ್ಲಿ ಈ ಕಾರ್ಯಕ್ಕಾಗಿಯೇ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ಆ ಕಾಲದ ಮನೆಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಮಾಡು ಒಂದೋ ಮಂಗಳೂರು ಹೆಂಚಿನದು—ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ—ಇಲ್ಲವೇ ಮದರಾಸು ತಾರಸಿಯದು. ತೇಗದ ಜಂತಿಗಳನ್ನು ಹತ್ತಿರ ಹತ್ತಿರ ಜೋಡಿಸಿ, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ಅಂಚಿನ ಮೇಲೆ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರು ಬೆರೆತ ಸುಣ್ಣದ ಗಾರೆಯನ್ನು ಬಡಿದು ಗಟ್ಟಿಮಾಡಿದ ಮಾಡು ಅದು. ಅಳಲೆಕಾಯಿ, ಬೆಲ್ಲಗಳ ನೀರನ್ನು ಗಾರೆಗೆ ಬೆರೆಸುತ್ತಿದ್ದ ಗಾರೆಯವರ ಕೈಚಳಕ ಅದರಲ್ಲಿ ಅಡಗಿದೆ.

ಇಂಥ ಮನೆಗೆ ಮುಪ್ಪು ಮೆಲ್ಲಮೆಲ್ಲನೆ ಬರುತ್ತದೆ. ಅದರ ಪರಮಶತ್ರು ನೀರು. ತಾರಸಿಯ ಬಿರುಕಿನಲ್ಲಿ ಇಳಿದ ನೀರು ಜಂತಿಯ ತುದಿಯನ್ನು, ಎಂದರೆ ಗೋಡೆಯೊಳಗೆ ಹುದುಗಿ ಕಣ್ಣಿಗೆ ಬೀಳದ ಭಾಗವನ್ನು, ಕೊಳೆಸುತ್ತದೆ. ತೇವವಿರುವಲ್ಲಿಗೆ ಗೆದ್ದಲು ಬರುತ್ತದೆ. ಮರದ ಮೇಲ್ಮೈ ಬಣ್ಣದಿಂದ ಮಿರುಗುತ್ತಿದ್ದರೂ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಪೊಳ್ಳು ಸದ್ದು ಕೇಳಿಸುತ್ತದೆ. ಉಸಿರಾಡಬಲ್ಲ ಸುಣ್ಣದ ಗೋಡೆಗೆ ಯಾರೋ ಮೇಲಿಂದ ಸಿಮೆಂಟು ಮೆತ್ತಿಸಿದ್ದರೆ, ನೆಲದಿಂದ ಏರಿದ ತೇವ ಹೊರಹೋಗಲು ದಾರಿ ಕಾಣದೆ ಒಳಗೇ ನಿಂತು ಗೋಡೆಯನ್ನು ತಿನ್ನುತ್ತದೆ. ಮುಂದಿನ ಕಾಲದಲ್ಲಿ ಸೇರಿಸಿದ ಕಾಂಕ್ರೀಟಿನ ಮಾಳಿಗೆಯಿದ್ದರೆ ಅದರೊಳಗಿನ ಕಬ್ಬಿಣದ ಕಂಬಿ ತುಕ್ಕು ಹಿಡಿದು ಹಲವು ಪಟ್ಟು ಉಬ್ಬಿ, ಅಡಿಯ ಗಾರೆಯನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ.

ಇವು ತೋರಿಕೆಯ ಭಯಗಳಲ್ಲ. ಮೈಸೂರಿನ ಶೋಭೆಗಳಲ್ಲಿ ಒಂದಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ತೆತ್ತರು. 2016ರ ಆಗಸ್ಟಿನಲ್ಲಿ ಅದೇ ನಗರದ ದೇವರಾಜ ಮಾರುಕಟ್ಟೆಯ ಒಂದು ಭಾಗ ನೆಲಕ್ಕುರುಳಿತು. ನೂರು ವರ್ಷ ನಿಂತದ್ದು ನಾಳೆಯೂ ನಿಂತೇ ಇರುತ್ತದೆಂಬ ಭರವಸೆಯನ್ನು ಯಾವ ಗೋಡೆಯೂ ಕೊಡಲಾರದು.

ಹಾಗೆಂದು ಪ್ರತಿ ಬಿರುಕೂ ಯಮದೂತನಲ್ಲ. ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಮೇಲಿನ ಗಾರೆಯವು ಮಾತ್ರ ಆಗಿರಬಹುದು. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿ, ಮೇಲಕ್ಕೆ ಹೋದಂತೆ ಅಗಲವಾಗುವ ಬಿರುಕು ಮಾತ್ರ ಪಾಯದ ಕುಸಿತದ ಸೂಚನೆಯಾಗಿರಬಹುದು. ಸಂದೇಹವಿದ್ದಲ್ಲಿ ಬಿರುಕಿನ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಯೊಂದನ್ನು ಅಂಟಿಸಿ ತಾರೀಖು ಬರೆದಿಡುವುದು ಇಂಜಿನಿಯರರ ಹಳೆಯ ಉಪಾಯ. ಕೆಲವು ವಾರಗಳ ನಂತರ ಗಾಜು ಒಡೆದಿದ್ದರೆ ಬಿರುಕು ಬೆಳೆಯುತ್ತಿದೆಯೆಂದೇ ಅರ್ಥ.

ವಯಸ್ಸು ಬೇರೆ, ರೋಗ ಬೇರೆ

ವರದಿ ಬಂದ ದಿನವೇ ಮಾರುವವರ ಮನೆಗೆ ಧಾವಿಸಬಾರದು. ಗಂಡಹೆಂಡಿರಿಬ್ಬರೂ ಕುಳಿತು, ಅದರಲ್ಲಿರುವ ದೋಷಗಳನ್ನು ಮೂರು ಪಟ್ಟಿಗಳಾಗಿ ಬರೆದುಕೊಳ್ಳಬೇಕು.

ಮೊದಲನೆಯದು, ವಯಸ್ಸಿನ ಗುರುತುಗಳು. ಮರದ ಪಟ್ಟಿಯೊಳಗೆ ಎಳೆದ ಹಳೆಯ ವಿದ್ಯುತ್ ತಂತಿ, ಸಡಿಲಾದ ಕಿಟಕಿ, ಮಾಸಿದ ಬಣ್ಣ ಮೊದಲಾದವು ಮನೆಯನ್ನು ಮೊದಲು ನೋಡಿದ ದಿನವೇ ಕಣ್ಣಿಗೆ ಬಿದ್ದಿದ್ದುವು. ಹಳೆಯ ಮನೆಯೆಂದು ಅರಿತೇ ಬೆಲೆ ಕಟ್ಟಿದ ಮೇಲೆ ಇವನ್ನು ತೋರಿಸಿ ಮತ್ತೆ ಬೆಲೆ ಇಳಿಸೆನ್ನುವುದು ನ್ಯಾಯವಲ್ಲ. ಎರಡನೆಯದು, ಅಡಗಿದ್ದ ರೋಗಗಳು. ಕೊಳೆತ ಜಂತಿ, ಒಳಗೇ ಒಡೆದ ಚರಂಡಿಯ ಕೊಳವೆ, ಬೆಳೆಯುತ್ತಿರುವ ಬಿರುಕು ಇವು ಬೆಲೆ ಕಟ್ಟುವಾಗ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ಬೆಲೆಯ ಮಾತನ್ನು ಮತ್ತೆ ತೆರೆಯಲು ನ್ಯಾಯವಾದ ಕಾರಣ ಇವು ಮಾತ್ರವೇ. ಮೂರನೆಯದು, ಹಣದಿಂದ ತೀರದ ದೋಷಗಳು. ಅವುಗಳ ವಿಚಾರ ಮುಂದೆ ಬರುತ್ತದೆ.

ಲೆಕ್ಕದ ಸಲುವಾಗಿ ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. 30×40 ಅಡಿ ನಿವೇಶನದ ಹಳೆಯ ಮನೆಗೆ 90 ಲಕ್ಷ ರೂಪಾಯಿ ಎಂದು ಮಾತಾಗಿದೆ. ಇಂಜಿನಿಯರರ ಅಂದಾಜಿನಂತೆ ಜಂತಿ ಬದಲಿಸಿ ತಾರಸಿ ಸರಿಪಡಿಸಲು 4 ಲಕ್ಷ. ಬಚ್ಚಲ ಹಿಂದಿನ ಗೋಡೆಗೂ ಚರಂಡಿಗೂ ಒಂದೂವರೆ ಲಕ್ಷ. ವಿದ್ಯುತ್ ತಂತಿಗೆ 2 ಲಕ್ಷ. ಕಿಟಕಿ, ಬಣ್ಣಗಳಿಗೆ ಒಂದೂವರೆ ಲಕ್ಷ. ಒಟ್ಟು 9 ಲಕ್ಷ. ಆದರೆ ಕೊಳ್ಳುವವರು ನ್ಯಾಯವಾಗಿ ಮುಂದಿಡಬಹುದಾದದ್ದು ಅಡಗಿದ್ದ ಮೊದಲೆರಡು ಬಾಬುಗಳ ಐದೂವರೆ ಲಕ್ಷವನ್ನು ಮಾತ್ರ. ಒಂಬತ್ತನ್ನೂ ಕೇಳಿದವರಿಗೆ ಸಿಗುವುದು ಹೆಚ್ಚಾಗಿ ಸೊನ್ನೆ. ಐದೂವರೆಯನ್ನು ಕಾಗದಸಹಿತ ಕೇಳಿದವರ ಮಾತಿಗೆ ಮಾರುವವರು ಕಿವಿಗೊಡುವ ಸಂಭವ ಹೆಚ್ಚು.

“ಮನೆ ನಿಮಗೆ ಪುಕ್ಕಟೆ!”

ಮಾರುವವರೂ ಸುಮ್ಮನಿರುವುದಿಲ್ಲವಷ್ಟೆ. ಅವರ ಪಾಲಿಗೆ ಅದು ಇಟ್ಟಿಗೆ ಗಾರೆಗಳ ರಾಶಿಯಲ್ಲ. ತಾಯಿ ಕಣ್ಮುಚ್ಚಿದ ಕೋಣೆ, ಮಗಳ ಮದುವೆಯ ಚಪ್ಪರ ಹಾಕಿದ ಅಂಗಳ. ಅದನ್ನು “ಗೆದ್ದಲು ತಿಂದ ಮನೆ” ಎಂದು ಅವರ ಮುಖಕ್ಕೆ ಹೇಳುವುದು ಅವಿವೇಕ. ಇಂಥ ಪ್ರಸಂಗದಲ್ಲಿ ಮಾತು ಹೇಗೆ ಸಾಗಬಹುದೆಂಬುದನ್ನು ಕಲ್ಪಿಸಿಕೊಳ್ಳಬಹುದು.

“ರಾಯರೇ, ನಿಮ್ಮ ಮನೆ ನಮಗೆ ಬಹಳ ಹಿಡಿಸಿದೆ. ಕೊಳ್ಳುವ ಮನಸ್ಸಿದೆ ಎಂದೇ ಈ ವರದಿಯನ್ನು ತಂದಿದ್ದೇವೆ. ತಾವೂ ಒಮ್ಮೆ ಓದಬೇಕು.”

“ನಮ್ಮ ತಂದೆಯವರು ನಿಂತು ಕಟ್ಟಿಸಿದ ಮನೆ ಸ್ವಾಮಿ. ಎಷ್ಟು ಮಳೆಗಾಲ ಕಂಡಿದೆ! ಯಾರೋ ಒಂದು ದಿನ ಬಂದು ಸುತ್ತಿಗೆ ತಟ್ಟಿ ನೋಡಿದರೆ ಏನು ತಿಳಿಯುತ್ತದೆ?”

“ಹಿರಿಯರ ಕೆಲಸದಲ್ಲಿ ಕೊರತೆ ಎಣಿಸಲು ನಾವು ಬಂದಿಲ್ಲ. ತೇಗ ಒಳ್ಳೆಯದೇ. ನೀರಿಳಿದದ್ದು ಈಚೆಗೆ. ಬೇಕಿದ್ದರೆ ತಮ್ಮ ಕಡೆಯ ಇಂಜಿನಿಯರರನ್ನೂ ಕರೆಸಿ ತೋರಿಸಿ. ಅವರು ಇಲ್ಲವೆಂದರೆ ಇಬ್ಬರೂ ಕೂಡಿಯೇ ನೋಡಲಿ.”

“ಅದಿರಲಿ. ನಾನು ಕೇಳುತ್ತಿರುವುದು ನೆಲದ ಬೆಲೆ. ಮನೆ ನಿಮಗೆ ಪುಕ್ಕಟೆ! ಪುಕ್ಕಟೆ ಬಂದದ್ದಕ್ಕೆ ದೋಷ ಹುಡುಕುವುದುಂಟೆ?”

ಈ ಕೊನೆಯ ಮಾತು ನಮ್ಮ ನಗರಗಳಲ್ಲಿ ಹಳೆಯ ಮನೆ ಮಾರುವವರ ಬ್ರಹ್ಮಾಸ್ತ್ರ. ಅದರಲ್ಲಿ ಸತ್ಯವೂ ಇರಬಹುದು. ಅದನ್ನು ತಿಳಿಯುವ ಉಪಾಯ ಸುಲಭ: ಅದೇ ಬೀದಿಯಲ್ಲಿ, ಅದೇ ಅಳತೆಯ ಖಾಲಿ ನಿವೇಶನಕ್ಕೆ ಏನು ಬೆಲೆ ನಡೆಯುತ್ತಿದೆಯೆಂದು ವಿಚಾರಿಸಬೇಕು. ಖಾಲಿ ನಿವೇಶನಕ್ಕೇ 90 ಲಕ್ಷವಿದ್ದರೆ ರಾಯರ ಮಾತು ನಿಜ. ಮನೆಯ ದೋಷಕ್ಕಾಗಿ ಒಂದು ಕಾಸನ್ನೂ ಕೇಳಲು ಆಧಾರವಿಲ್ಲ. ಆದರೆ ನಿವೇಶನಕ್ಕೆ 75 ಲಕ್ಷ ಮಾತ್ರ ನಡೆಯುತ್ತಿದ್ದರೆ, ಉಳಿದ 15 ಲಕ್ಷ ಮನೆಯ ಬೆಲೆಯೇ ಸರಿ. ಐದೂವರೆ ಲಕ್ಷದ ಮಾತು ಆ ಹದಿನೈದರೊಳಗಿನದು. ಇದನ್ನು ದನಿ ಏರಿಸದೆ, ಕಾಗದದ ಮೇಲೆ ಕೂಡಿ ಕಳೆದು ತೋರಿಸಿದರೆ ಎಂಥ ಹಟಮಾರಿಯೂ ಒಂದು ಗಳಿಗೆ ಯೋಚಿಸುತ್ತಾನೆ. ರಾಯರು ಮೂರಕ್ಕೆ ಇಳಿದು, ಕೊಳ್ಳುವವರು ಐದಕ್ಕೆ ಬಂದು, ಕಡೆಗೆ ನಾಲ್ಕೂವರೆಗೆ ಒಪ್ಪಿಗೆಯಾಗಿ 85 ಲಕ್ಷ 50 ಸಾವಿರಕ್ಕೆ ಮಾತು ಮುಗಿದರೆ ಇಬ್ಬರಿಗೂ ಸೋಲಿಲ್ಲ.

ಕಾನೂನಿನ ಮಾತು

ರಾಯರು ಮೌನವಾಗಿದ್ದುಬಿಡಬಹುದೇ? ಸ್ಥಿರಾಸ್ತಿಯ ಮಾರಾಟವನ್ನು ಕುರಿತ ನಮ್ಮ ಕಾನೂನು, 1882ರ ಆಸ್ತಿ ವರ್ಗಾವಣೆ ಅಧಿನಿಯಮ, ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುತ್ತದೆ. ಬೇರೆ ಕರಾರಿಲ್ಲದ ಪಕ್ಷದಲ್ಲಿ, ಮಾರುವವನಿಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷ ಆಸ್ತಿಯಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದರೆ ಅದನ್ನು ಮಾರುವವನು ತಿಳಿಸಲೇಬೇಕೆಂದು ಅದರ 55ನೆಯ ಪ್ರಕರಣ ವಿಧಿಸುತ್ತದೆ. ತಿಳಿಸದೆ ಮುಚ್ಚಿಡುವುದನ್ನು ವಂಚನೆಯೆಂದೇ ಅದು ಕರೆಯುತ್ತದೆ.

ಆದರೆ “ಸಾಮಾನ್ಯ ಎಚ್ಚರಿಕೆ” ಎಂಬ ಎರಡು ಪದಗಳನ್ನು ಕೊಳ್ಳುವವರು ಮರೆಯಬಾರದು. ಕಣ್ಣು ಬಿಟ್ಟು ನೋಡಿದ್ದರೆ ಕಾಣುತ್ತಿದ್ದ ದೋಷಕ್ಕೆ ಆಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಿ ಪ್ರಯೋಜನವಿಲ್ಲ. ಪರೀಕ್ಷೆಯನ್ನು ಮೊದಲೇ ಮಾಡಿಸಬೇಕೆನ್ನುವುದು ಇದಕ್ಕಾಗಿಯೇ.

ಅದೇ ಪ್ರಕರಣ ಕೊಳ್ಳುವವನಿಗೂ ಒಂದು ಕರ್ತವ್ಯವನ್ನು ಹೊರಿಸಿದೆಯೆಂಬುದು ಅನೇಕರಿಗೆ ತಿಳಿಯದು. ಮಾರುವವನಿಗಿರುವ ಹಕ್ಕಿನ ಸ್ವರೂಪ ಅಥವಾ ವ್ಯಾಪ್ತಿಯನ್ನು ಕುರಿತು, ಅದರ ಬೆಲೆಯನ್ನು ಗಣನೀಯವಾಗಿ ಹೆಚ್ಚಿಸುವ ಸಂಗತಿ ಕೊಳ್ಳುವವನಿಗೆ ಮಾತ್ರ ಗೊತ್ತಿದ್ದರೆ, ಅದನ್ನು ಅವನೂ ಬಚ್ಚಿಡುವಂತಿಲ್ಲ. ಪ್ರಾಮಾಣಿಕತೆಯನ್ನು ಕಾನೂನು ಇಬ್ಬರಿಂದಲೂ ಬಯಸುತ್ತದೆ.

ನಾಲ್ಕು ದಾರಿಗಳು

ದೋಷವನ್ನು ಇಬ್ಬರೂ ಒಪ್ಪಿದ ಮೇಲೆ ಪರಿಹಾರಕ್ಕೆ ದಾರಿಗಳು ನಾಲ್ಕು.

ಬೆಲೆಯನ್ನು ಇಳಿಸುವುದು ಮೊದಲನೆಯ ದಾರಿ. ಎಲ್ಲಕ್ಕಿಂತ ಇದೇ ಸರಳ. ದುರಸ್ತಿಯನ್ನು ಕೊಳ್ಳುವವರು ತಮ್ಮ ಕಣ್ಣೆದುರಿಗೆ, ತಮಗೆ ಬೇಕಾದಂತೆ ಮಾಡಿಸಿಕೊಳ್ಳಬಹುದು. ಇಲ್ಲಿ ಒಂದು ಎಚ್ಚರಿಕೆ: ಒಪ್ಪಿದ ಬೆಲೆ ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕೆಳಗಿಳಿದರೂ ಮುದ್ರಾಂಕ ಶುಲ್ಕವನ್ನು ಸಾಮಾನ್ಯವಾಗಿ ಆ ದರದ ಮೇಲೆಯೇ ತೆರಬೇಕಾಗುತ್ತದೆ. ಬೆಲೆ ಇಳಿದಷ್ಟು ನೋಂದಣಿಯ ಖರ್ಚು ಇಳಿಯುವುದೆಂದು ಲೆಕ್ಕ ಹಾಕಬಾರದು.

ಮಾರುವವರೇ ದುರಸ್ತಿ ಮಾಡಿಸಿ ಕೊಡುವುದು ಎರಡನೆಯ ದಾರಿ. ಕೇಳಲು ಹಿತವಾಗಿದ್ದರೂ ಇದರಲ್ಲಿ ಮೋಸಹೋಗುವ ಸಂಭವ ಹೆಚ್ಚು. ಬಿಟ್ಟುಹೋಗುವ ಮನೆಗೆ ಯಾರೂ ತೇಗ ತರುವುದಿಲ್ಲ. ಮೇಲೆ ಗಾರೆ ಮೆತ್ತಿ ಸುಣ್ಣ ಬಳಿಸಿಯಾರು. ಈ ದಾರಿಯನ್ನು ಹಿಡಿದರೆ, ಕೆಲಸ ನೋಂದಣಿಗೆ ಮೊದಲೇ ಮುಗಿಯಬೇಕು ಮತ್ತು ಅದೇ ಇಂಜಿನಿಯರರು ಮರಳಿ ಬಂದು ನೋಡಿ ಒಪ್ಪಬೇಕು.

ಖರ್ಚನ್ನು ಹಂಚಿಕೊಳ್ಳುವುದು ಮೂರನೆಯ ದಾರಿ. ದೋಷ ಮಾರುವವರಿಗೂ ತಿಳಿದಿರಲಿಲ್ಲವೆಂದು ತೋರಿದಾಗ ಇದು ಉಚಿತವಾದದ್ದು. ಹಳೆಯ ಬೀರು, ತೇಗದ ಮಂಚ, ನೀರಿನ ಪಂಪುಗಳನ್ನು ಮನೆಯೊಡನೆ ಬಿಟ್ಟುಕೊಟ್ಟು ವ್ಯತ್ಯಾಸವನ್ನು ತುಂಬಿಕೊಡುವುದೂ ಉಂಟು. ಹಣದಲ್ಲಿ ಬಾಗದವರು ವಸ್ತುವಿನಲ್ಲಿ ಬಾಗುತ್ತಾರೆ.

ಸಮಯವನ್ನು ಬೆಲೆಯಾಗಿ ಬಳಸುವುದು ನಾಲ್ಕನೆಯ ದಾರಿ. ಮಗನಿರುವ ಊರಿಗೆ ಹೋಗಲು ರಾಯರಿಗೆ ಆರು ತಿಂಗಳ ಅವಕಾಶ ಬೇಕಾಗಿರಬಹುದು. ಇಲ್ಲವೇ ಹಣ ಈ ತಿಂಗಳಲ್ಲೇ ಬೇಕಾಗಿರಬಹುದು. ಅವರ ಅಗತ್ಯವನ್ನು ಕೇಳಿ ತಿಳಿದು ಅದಕ್ಕೆ ಅನುವು ಮಾಡಿಕೊಟ್ಟರೆ, ಚೌಕಾಸಿಯಿಂದ ಇಳಿಯದ ಬೆಲೆ ಸೌಜನ್ಯದಿಂದ ಇಳಿದೀತು.

ಯಾವ ದಾರಿಯಾದರೂ ಸರಿ, ಒಪ್ಪಿದ್ದೆಲ್ಲವೂ ಕರಾರುಪತ್ರದಲ್ಲಿ ಬರವಣಿಗೆಯಾಗಿ ಬರಬೇಕು. ಜಗಲಿಯ ಮೇಲೆ ಕಾಫಿ ಕುಡಿಯುತ್ತ ಆಡಿದ ಮಾತು ಉಪನೋಂದಣಾಧಿಕಾರಿಯ ಕಚೇರಿಯವರೆಗೆ ಬರುವುದಿಲ್ಲ. ಮುಂಗಡ ಕೊಡುವ ಮೊದಲೇ ಒಂದು ವಾಕ್ಯವನ್ನು ಸೇರಿಸಿಕೊಂಡರೆ ಎಷ್ಟೋ ಕಷ್ಟ ತಪ್ಪುತ್ತದೆ. “ಹದಿನೈದು ದಿನಗಳೊಳಗೆ ಇಂಜಿನಿಯರರಿಂದ ಪರೀಕ್ಷೆ ನಡೆಯತಕ್ಕದ್ದು, ಮುಖ್ಯ ದೋಷ ಕಂಡುಬಂದು ಬೆಲೆಯಲ್ಲಿ ಒಮ್ಮತವಾಗದಿದ್ದರೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದು” ಎಂಬುದೇ ಆ ವಾಕ್ಯ. ಇದನ್ನು ಬರೆಯಲು ಮಾರುವವರು ಒಪ್ಪದಿದ್ದರೆ, ಅದೇ ಒಂದು ವರದಿಯೆಂದು ತಿಳಿಯಬಹುದು.

ಕೈಬಿಡುವ ಧೈರ್ಯ

ಇನ್ನು ಮೂರನೆಯ ಪಟ್ಟಿಯ ದೋಷಗಳು. ಪಾಯವೇ ಕುಸಿಯುತ್ತಿರುವ ಮನೆ ಅದರಲ್ಲಿ ಒಂದು. ಅದನ್ನು ಒಡೆದು ಹೊಸದು ಕಟ್ಟುವ ಸಂಕಲ್ಪವಿಲ್ಲದವರಿಗೆ ಎಷ್ಟು ಅಗ್ಗವಾದರೂ ಅದು ದುಬಾರಿಯೇ. ಹಕ್ಕಿನ ದೋಷ ಇನ್ನೊಂದು. ಋಣಭಾರ ಪತ್ರದಲ್ಲಿ ತೀರದ ಅಡಮಾನ, ಖಾತೆಯಲ್ಲಿ ಬೇರೆಯವರ ಹೆಸರು, ವಿಭಾಗಪತ್ರದಲ್ಲಿ ರುಜು ಹಾಕದ ಸೋದರಿ ಮೊದಲಾದವನ್ನು ವಕೀಲರು ಎತ್ತಿ ತೋರಿಸಿದರೆ ಬೆಲೆ ಇಳಿಸಿ ಕೊಳ್ಳುವ ಆಸೆಗೆ ಬೀಳಬಾರದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟಿದೆ. ಗಂಡುಮಕ್ಕಳು ಮಾತ್ರ ರುಜು ಮಾಡಿ ಮಾರಿದ ಪಿತ್ರಾರ್ಜಿತ ಮನೆ ಮುಂದೆ ವ್ಯಾಜ್ಯದ ಮನೆಯಾದೀತು. ಗೆದ್ದಲಿಗೆ ಔಷಧವುಂಟು, ವ್ಯಾಜ್ಯಕ್ಕೆ ಇಲ್ಲ. ಇಂಥ ದೋಷ ಮೊದಲು ಪರಿಹಾರವಾಗಬೇಕು, ಬೆಲೆಯ ಮಾತು ಆಮೇಲೆ.

ಮಾತುಕತೆಗೆ ಕೂರುವ ಮೊದಲೇ ಗಂಡಹೆಂಡಿರು ತಮ್ಮ ಕೊನೆಯ ಮೊತ್ತವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ದುರಸ್ತಿಯ ಅಂದಾಜಿನ ಮೇಲೆ ಇನ್ನೂ ಸ್ವಲ್ಪ ಹಣವನ್ನು ಬೇರೆಯಾಗಿ ತೆಗೆದಿಟ್ಟೇ ಆ ಮೊತ್ತವನ್ನು ನಿರ್ಧರಿಸಬೇಕು; ಹಳೆಯ ತಾರಸಿಯನ್ನು ಬಿಚ್ಚಿದ ಮೇಲೆ ಅಂದಾಜು ಮೇಲೇರುವುದು ಸಾಮಾನ್ಯ. ಮಾತು ಆ ಮೊತ್ತವನ್ನು ದಾಟಿದರೆ ಕೈ ಮುಗಿದು ಎದ್ದು ಬರಬೇಕು. ಪಾರಿಜಾತದ ಮರ ಆಗ ಕಣ್ಣ ಮುಂದೆ ಬಂದು ಕಾಡುತ್ತದೆ, ನಿಜ. ಆದರೆ ಪರೀಕ್ಷೆಗೆಂದು ತೆತ್ತ ಕೆಲವು ಸಾವಿರ ರೂಪಾಯಿ ಇಡೀ ಜೀವಮಾನದ ಉಳಿತಾಯವನ್ನು ಕಾಪಾಡಿದ್ದರೆ ಅದು ನಷ್ಟವಲ್ಲ.

ಹಾಗೆ ಗೌರವದಿಂದ ಎದ್ದು ಬಂದವರಿಗೆ ಬಾಗಿಲು ಮುಚ್ಚಿಹೋಗುವುದಿಲ್ಲ. ಮುಂದೆ ಬರುವವನ ಇಂಜಿನಿಯರರು ತಟ್ಟುವುದೂ ಅದೇ ಜಂತಿಯನ್ನೇ. ಕೇಳಿಸುವುದೂ ಅದೇ ಸದ್ದೇ. ಆಗ ಮಾರುವವರಿಗೆ ನೆನಪಾಗುವುದು ತಮ್ಮ ತಂದೆ ಕಟ್ಟಿಸಿದ ಮನೆಯನ್ನು ಹೀನಾಯವಾಗಿ ಆಡದೆ, ಸತ್ಯವನ್ನು ಕಾಗದದ ಮೇಲಿಟ್ಟು, ನ್ಯಾಯವಾದದ್ದನ್ನು ಮಾತ್ರ ಕೇಳಿ ಹೋದವರು. ದೂರವಾಣಿ ಮತ್ತೆ ಬಂದರೆ ಆಶ್ಚರ್ಯಪಡಬೇಕಾದದ್ದಿಲ್ಲ.